ದೂರದ ಸವಾರಿ ಮತ್ತು ಸುಖದ ಪ್ರಶ್ನೆ

ದೇಹಕ್ಕೆ ಒದಗಿಸುವ ಸುಖವು ಸಾಧನೆಗೆ ನೆರವೋ ಅಡ್ಡಿಯೋ ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಒಂದೇ ದನಿಯಲ್ಲಿ ಉತ್ತರಿಸಿಲ್ಲ. ಉಪವಾಸ, ಮೌನ, ಬಿಸಿಲು ಚಳಿಗಳ ಸಹನೆ ಮುಂತಾದವನ್ನು ತಪಸ್ಸೆಂದು ಕರೆದು, ದೇಹ ಬೇಡಿದ್ದನ್ನು ಕೊಡದಿರುವುದೇ ದೊಡ್ಡದೆಂದು ಬಗೆದ ಪರಂಪರೆ ಒಂದು. ಧರ್ಮಾಚರಣೆಗೆ ದೇಹವೇ ಮೊದಲ ಸಾಧನವಾದ್ದರಿಂದ ಅದನ್ನು ಜೋಪಾನ ಮಾಡಬೇಕೆಂದ ಪರಂಪರೆ ಇನ್ನೊಂದು. ಈ ಎರಡರ ನಡುವಿನ ಎಳೆದಾಟವನ್ನು ಗ್ರಂಥಗಳೊಳಗೇ ಇರಿಸಿ ಚರ್ಚಿಸಿದರೆ ಅದು ಮುಗಿಯದ ವಾದವಾಗಿ ಉಳಿಯುತ್ತದೆ. ದೇಹವು ಹತ್ತು, ಇಪ್ಪತ್ತು, ನಲವತ್ತು ಗಂಟೆಗಳ ಕಾಲ ಒಂದೇ ಭಂಗಿಯಲ್ಲಿದ್ದು ಒಂದೇ ಚಲನೆಯನ್ನು ಪುನರಾವರ್ತಿಸಬೇಕಾದ ಒಂದು ಅಭ್ಯಾಸದೊಳಗೆ ಇಟ್ಟು ನೋಡಿದರೆ, ಯಾವ ಸುಖ ಸಾಧನೆಗೆ ಬೇಕು, ಯಾವ ಕಷ್ಟ ಅದಕ್ಕೆ ಬೇಡ ಎಂಬುದು ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ದೂರದ ಸೈಕಲ್ ಸವಾರಿ ಅಂಥ ಒಂದು ಅಭ್ಯಾಸ.

ಈ ಸವಾರಿಯ ಅತ್ಯಂತ ವ್ಯವಸ್ಥಿತ ರೂಪಕ್ಕೆ ಬ್ರೆವೆ ಎಂದು ಹೆಸರು. ನಿಗದಿಯಾದ ದೂರವನ್ನು ನಿಗದಿಯಾದ ಅವಧಿಯೊಳಗೆ, ದಾರಿಯ ತಪಾಸಣಾ ಠಾಣೆಗಳಲ್ಲಿ ಹಾಜರಿ ಹಾಕಿಸುತ್ತ, ತನಗೆ ತಾನೇ ನೆರವಾಗಿ ಕ್ರಮಿಸುವುದು ಅದರ ಕ್ರಮ. 1904ರಲ್ಲಿ ಹುಟ್ಟಿದ ಫ್ರಾನ್ಸಿನ ಔಡಾಕ್ಸ್ ಕ್ಲಬ್ ಪಾರಿಸಿಯೆನ್ ರೂಪಿಸಿದ ನಿಯಮದಂತೆ 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಮಿತಿಯಿದೆ. ಬೆಂಗಳೂರೂ ಸೇರಿದಂತೆ ಭಾರತದ ಹಲವು ನಗರಗಳಲ್ಲಿ ಇವೇ ಮಿತಿಗಳ ಬ್ರೆವೆಗಳು ನಡೆಯುತ್ತವೆ. ಇದು ಪಂದ್ಯವಲ್ಲ. ಮೊದಲು ಬಂದವನಿಗೂ ಕೊನೆಯ ಗಳಿಗೆಯಲ್ಲಿ ಬಂದವನಿಗೂ ಸಿಗುವ ಮಾನ್ಯತೆ ಒಂದೇ ಆದ್ದರಿಂದ, ಸವಾರನು ಎದುರಿಸಬೇಕಾದದ್ದು ಇನ್ನೊಬ್ಬನ ವೇಗವನ್ನಲ್ಲ, ತನ್ನ ದೇಹವನ್ನು ಮತ್ತು ಗಡಿಯಾರವನ್ನು.

ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಆಸನವನ್ನು ಕುರಿತು ಬರುವ ಮೂರು ಸೂತ್ರಗಳನ್ನು ಈ ಹಿನ್ನೆಲೆಯಲ್ಲಿ ಅವುಗಳ ಅನುಕ್ರಮದೊಡನೆ ಓದಬೇಕು. ಮೊದಲನೆಯದು ಆಸನಕ್ಕೆ ಸ್ಥಿರತೆ ಮತ್ತು ಸುಖ ಎಂಬ ಎರಡು ಲಕ್ಷಣಗಳನ್ನು ಒಟ್ಟಿಗೆ ಹೇಳುತ್ತದೆ. ಎರಡನೆಯದು ಅದನ್ನು ಪಡೆಯುವ ಬಗೆಯಾಗಿ ಪ್ರಯತ್ನದ ಸಡಿಲಿಕೆಯನ್ನೂ ಅನಂತದಲ್ಲಿ ಮನಸ್ಸು ನೆಲೆಗೊಳ್ಳುವುದನ್ನೂ ಸೂಚಿಸುತ್ತದೆ. ಭಾಷ್ಯಕಾರನಾದ ವ್ಯಾಸನು ಇದನ್ನು ವಿವರಿಸುತ್ತ, ಪ್ರಯತ್ನ ನಿಂತಾಗ ಅಂಗಗಳ ನಡುಕವಿಲ್ಲದೆ ಆಸನ ಸಿದ್ಧಿಸುತ್ತದೆ ಎನ್ನುತ್ತಾನೆ. ಮೂರನೆಯ ಸೂತ್ರದ ಪ್ರಕಾರ, ಹಾಗೆ ಆಸನ ಸಿದ್ಧಿಸಿದವನನ್ನು ಶೀತೋಷ್ಣಗಳಂಥ ದ್ವಂದ್ವಗಳು, ಅಂದರೆ ಒಂದಕ್ಕೊಂದು ವಿರುದ್ಧವಾದ ಜೋಡಿ ಅನುಭವಗಳು, ಘಾತಿಸುವುದಿಲ್ಲ. ಇಲ್ಲಿ ಸಹನೆಯು ಸುಖದ ಫಲವಾಗಿ ಬರುತ್ತದೆಯೇ ಹೊರತು ಸುಖವನ್ನು ತೊರೆದುದರ ಫಲವಾಗಿ ಅಲ್ಲ. ಮೊದಲು ಕಷ್ಟಪಟ್ಟು ದೇಹವನ್ನು ಗಟ್ಟಿ ಮಾಡಿ ಆಮೇಲೆ ಸುಖವನ್ನು ಕಾಣಬೇಕೆಂಬ ಜನಪ್ರಿಯ ನಂಬಿಕೆಗೆ ಈ ಅನುಕ್ರಮ ನೇರವಾಗಿ ಎದುರಾಗಿ ನಿಲ್ಲುತ್ತದೆ, ಮತ್ತು ದೂರದ ಸವಾರಿಯನ್ನು ಬಲ್ಲವರ ಅನುಭವ ಸೂತ್ರದ ಪಕ್ಷದಲ್ಲಿದೆ.

ಅದು ಹೇಗೆಂದು ತಿಳಿಯಲು ಸೈಕಲ್ಲಿನ ಮೇಲೆ ದೇಹ ಕೂರುವ ಬಗೆಯನ್ನೇ ನೋಡಬೇಕು. ಸವಾರನ ದೇಹವು ಸೀಟು, ಹ್ಯಾಂಡಲ್, ಪೆಡಲ್ ಎಂಬ ಮೂರು ಕಡೆಗಳಲ್ಲಿ ಮಾತ್ರ ಸೈಕಲ್ಲನ್ನು ಮುಟ್ಟುತ್ತದೆ. ಈ ಮೂರರ ಎತ್ತರ, ಅಂತರ, ಓರೆಗಳನ್ನು ಒಂದು ನಿರ್ದಿಷ್ಟ ದೇಹಕ್ಕೆ ಒಗ್ಗುವಂತೆ ಹೊಂದಿಸುವುದಕ್ಕೆ ಬೈಕ್ ಫಿಟ್ ಎನ್ನುತ್ತಾರೆ. ನಿಮಿಷಕ್ಕೆ 80 ಸುತ್ತಿನಂತೆ ಪೆಡಲ್ ತುಳಿಯುವವನ ಒಂದೊಂದು ಕಾಲೂ ಹತ್ತು ಗಂಟೆಗಳಲ್ಲಿ 48,000 ಸಲ ಮಡಿಸಿ ಚಾಚುತ್ತದೆ. ಸೀಟು ತೀರ ತಗ್ಗಿದ್ದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಹೆಚ್ಚಿ ಮಂಡಿಯ ಮುಂಭಾಗ ನೋಯುತ್ತದೆ. ತೀರ ಎತ್ತರವಿದ್ದರೆ ಪಾದ ಪೆಡಲ್ಲನ್ನು ಅರಸುತ್ತ ಸೊಂಟ ಅತ್ತಿತ್ತ ಹೊಯ್ದಾಡಿ ಮಂಡಿಯ ಹಿಂಭಾಗ ಎಳೆಯುತ್ತದೆ. ಊರೊಳಗೆ ಅರ್ಧ ಗಂಟೆ ಓಡಾಡುವವನ ಅರಿವಿಗೇ ಬಾರದ ಕೆಲವು ಮಿಲಿಮೀಟರ್‌ಗಳ ದೋಷವು ಅಷ್ಟು ಸಾವಿರ ಸಲ ಮರುಕಳಿಸಿದಾಗ ಗಾಯವಾಗುತ್ತದೆ. ದೀರ್ಘಕಾಲ ಬಿಡದೆ ನಡೆಸಿದ ಅಭ್ಯಾಸ ದೃಢವಾಗುತ್ತದೆಂದು ಯೋಗಸೂತ್ರಗಳ ಮೊದಲ ಪಾದ ಹೇಳುವಾಗ, ಅಭ್ಯಾಸದ ಶಕ್ತಿಗೆ ಒಳಿತು ಕೆಡುಕುಗಳ ಭೇದವಿಲ್ಲ ಎಂಬುದನ್ನೂ ಸಾಧಕರು ನೆನಪಿಡಬೇಕು: ತಪ್ಪಾಗಿ ಕುಳಿತ ದೇಹದಲ್ಲಿ ದೃಢವಾಗುವುದು ತಪ್ಪೇ.

ಸೀಟಿನ ಎತ್ತರವನ್ನು ನಿರ್ಧರಿಸಲು ಹಲವು ಲೆಕ್ಕಗಳು ಬಳಕೆಯಲ್ಲಿವೆ. ಮೂರು ಸಲ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕದಂತೆ, ನೆಲದಿಂದ ತೊಡೆಸಂದಿಯವರೆಗಿನ ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲ್ಲಿನ ತೋಳುಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಸಿಗುತ್ತದೆ. ಇನ್ನೊಂದು ಲೆಕ್ಕ ಅದೇ ಒಳ ಅಳತೆಯ ಶೇಕಡಾ 109ರಷ್ಟನ್ನು ಕೆಳಗಿಳಿದ ಪೆಡಲ್ಲಿನಿಂದ ಸೀಟಿನವರೆಗೆ ಅಳೆಯಲು ಹೇಳುತ್ತದೆ. ಮೂರನೆಯದು ಕಾಲಿನ ಉದ್ದವನ್ನು ಬಿಟ್ಟು, ಪೆಡಲ್ ತೀರ ಕೆಳಗಿರುವಾಗ ಮಂಡಿಯು 25ರಿಂದ 35 ಡಿಗ್ರಿಗಳಷ್ಟು ಮಡಿಸಿರಬೇಕೆನ್ನುತ್ತದೆ. ಒಳ ಅಳತೆ 80 ಸೆಂಟಿಮೀಟರ್ ಇರುವ, 17 ಸೆಂಟಿಮೀಟರಿನ ಪೆಡಲ್ ತೋಳು ಬಳಸುವ ಒಬ್ಬ ಸವಾರನಿಗೆ ಮೊದಲ ಎರಡು ಲೆಕ್ಕಗಳನ್ನು ಅನ್ವಯಿಸಿದರೆ ಉತ್ತರಗಳು ಸುಮಾರು ನಾಲ್ಕು ಮಿಲಿಮೀಟರ್ ಬೇರೆಯಾಗುತ್ತವೆ. ಮೂರನೆಯ ಲೆಕ್ಕವಂತೂ ಹತ್ತು ಡಿಗ್ರಿಗಳ ಹರಹನ್ನೇ ಬಿಟ್ಟುಕೊಡುತ್ತದೆ. ಲೆಕ್ಕ ತಪ್ಪೆಂದು ಇದರ ಅರ್ಥವಲ್ಲ. ಪಾದದ ಉದ್ದ, ತೊಡೆಯ ಹಿಂಬದಿಯ ಸ್ನಾಯುಗಳ ಬಿಗಿ, ಹಳೆಯ ಪೆಟ್ಟುಗಳು, ವಯಸ್ಸು ಇವುಗಳಲ್ಲಿ ಒಂದನ್ನೂ ಲೆಕ್ಕ ಕಾಣದು ಎಂದಷ್ಟೇ ಅರ್ಥ.

ಗ್ರೀಸಿನ ಅರಿಸ್ಟಾಟಲ್ ತನ್ನ ನಿಕೋಮೇಕಿಯನ್ ಎಥಿಕ್ಸ್ ಗ್ರಂಥದ ಎರಡನೆಯ ಭಾಗದಲ್ಲಿ ಮಧ್ಯಮವನ್ನು ಎರಡು ಬಗೆಯಾಗಿ ವಿಂಗಡಿಸುವುದು ಈ ಕಾರಣಕ್ಕೇ ಇಲ್ಲಿ ಪ್ರಸ್ತುತವಾಗುತ್ತದೆ. ಹತ್ತು ಮತ್ತು ಎರಡರ ನಡುವೆ ಆರು ಎಂಬುದು ವಸ್ತುವಿನ ಮಧ್ಯಮ, ಅದು ಎಲ್ಲರಿಗೂ ಒಂದೇ. ಆದರೆ ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಪಾಲನ್ನೇ ವಿಧಿಸುವುದಿಲ್ಲ, ಏಕೆಂದರೆ ಜಟ್ಟಿಯಾದ ಮೈಲೋನಿಗೆ ಅದು ಸಾಲದು, ಆಗತಾನೇ ಗರಡಿಗೆ ಬಂದವನಿಗೆ ಅತಿಯಾಗುತ್ತದೆ. ಇದು ವ್ಯಕ್ತಿಸಾಪೇಕ್ಷವಾದ ಮಧ್ಯಮ. ವ್ಯಕ್ತಿಸಾಪೇಕ್ಷ ಎಂದರೆ ಮನಬಂದಂತೆ ಎಂದಲ್ಲ. ಒಂದು ದೇಹಕ್ಕೆ ಸರಿಯಾದ ಎತ್ತರ ಯಾವುದೆಂಬುದು ಮಂಡಿ, ಸೊಂಟ, ನರಗಳು ಕೊಡುವ ಸಾಕ್ಷ್ಯದಿಂದ ನಿರ್ಧಾರವಾಗುವ ಸತ್ಯ, ಆದರೆ ಆ ಸಾಕ್ಷ್ಯವನ್ನು ಆ ದೇಹದಿಂದಲೇ ಪಡೆಯಬೇಕು. ಆದ್ದರಿಂದಲೇ ಅನುಭವಿಗಳು ಲೆಕ್ಕದಿಂದ ಹೊರಟು, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು, ಅದೂ ಕೆಲವೇ ಮಿಲಿಮೀಟರ್‌ಗಳಷ್ಟು ಮಾಡಿ, ಸವಾರಿ ಮಾಡಿ ನೋಡಿ ಮುಂದುವರಿಯುತ್ತಾರೆ. ಪಂದ್ಯದ ಸವಾರನ ಚಿತ್ರ ನೋಡಿ ತನ್ನ ಹ್ಯಾಂಡಲ್ಲನ್ನೂ ಅಷ್ಟೇ ಕೆಳಗಿಳಿಸುವ ಹವ್ಯಾಸಿಯು ಮೈಲೋನ ಊಟವನ್ನು ತಾನು ಉಣ್ಣಹೊರಟವನು. ಗೀತೆಯು ಪರಧರ್ಮವನ್ನು ಭಯಾವಹವೆಂದು ಹೇಳುವ ಮಾತು ಅವನ ಕತ್ತು ಬೆನ್ನುಗಳ ಮಟ್ಟಿಗೆ ಅಕ್ಷರಶಃ ನಿಜವಾಗುತ್ತದೆ.

ದೇಹದ ಸಾಕ್ಷ್ಯವನ್ನು ಓದುವುದಕ್ಕೂ ಕಲಿಕೆ ಬೇಕು, ಏಕೆಂದರೆ ನೋವು ಕಾಣಿಸಿಕೊಳ್ಳುವ ಜಾಗ ಒಂದು, ಕಾರಣವಿರುವ ಜಾಗ ಇನ್ನೊಂದು. ಕಿರುಬೆರಳು ಮತ್ತು ಉಂಗುರಬೆರಳುಗಳು ಜೋಮು ಹಿಡಿದರೆ ಅಂಗೈಯ ಅಂಚಿನಲ್ಲಿ ಹಾಯುವ ಅಲ್ನಾರ್ ನರದ ಮೇಲೆ ಒತ್ತಡ ಬಿದ್ದಿದೆ ಎಂದರ್ಥ. ಸವಾರನು ದಪ್ಪ ಕೈಗವಸನ್ನು ಕೊಳ್ಳುತ್ತಾನೆ, ಹ್ಯಾಂಡಲ್ಲಿಗೆ ಇನ್ನೊಂದು ಸುತ್ತು ಪಟ್ಟಿ ಸುತ್ತುತ್ತಾನೆ. ಅನೇಕ ವೇಳೆ ದೋಷವಿರುವುದು ಸೀಟಿನಲ್ಲಿ: ಅದರ ಮೂತಿ ಕೆಳಕ್ಕೆ ವಾಲಿದ್ದರೆ, ಅಥವಾ ಅದು ತೀರ ಮುಂದೆ ಸರಿದಿದ್ದರೆ, ಮೈಭಾರ ಮುಂದಕ್ಕೆ ಜಾರಿ ಕೈಗಳ ಮೇಲೆ ಕೂರುತ್ತದೆ. ಮೂತಿ ಮೇಲೆದ್ದಿದ್ದರೆ ಕಾಲುಗಳ ಸಂದಿಯ ಮೃದುಭಾಗದ ನರ ಮತ್ತು ರಕ್ತನಾಳಗಳು ಒತ್ತಿಹೋಗುತ್ತವೆ. ಸೀಟಿನ ಅಗಲವು ಪೃಷ್ಠದ ಎರಡು ಮೂಳೆಗಳ ಅಂತರಕ್ಕೆ ಹೊಂದದಿದ್ದರೆ, ಎಷ್ಟು ಮೆತ್ತೆ ಹಾಕಿದರೂ ಭಾರವು ಮೂಳೆಯ ಬದಲು ಮಾಂಸದ ಮೇಲೇ ಬೀಳುತ್ತದೆ. ಆಯುರ್ವೇದವು ರೋಗದ ಲಕ್ಷಣವನ್ನಷ್ಟೇ ಅಡಗಿಸದೆ ಅದರ ನಿದಾನವನ್ನು, ಅಂದರೆ ಮೂಲಕಾರಣವನ್ನು, ಹುಡುಕಬೇಕೆನ್ನುವುದೂ ಬೌದ್ಧರ ಆರ್ಯಸತ್ಯಗಳಲ್ಲಿ ದುಃಖದ ಬೆನ್ನಿಗೇ ದುಃಖದ ಹುಟ್ಟು ಬರುವುದೂ ಇದೇ ವಿವೇಕದಿಂದ.

ಇಲ್ಲಿ ತಿತಿಕ್ಷೆಯ ಪ್ರಶ್ನೆ ಏಳುತ್ತದೆ. ತಿತಿಕ್ಷೆ ಎಂದರೆ ಗೋಳಾಡದೆ, ಚಿಂತೆಗೀಡಾಗದೆ ದುಃಖವನ್ನು ಸಹಿಸುವ ಗುಣ. ವೇದಾಂತದಲ್ಲಿ ಅದು ಸಾಧಕನಿಗೆ ಇರಬೇಕಾದ ಆರು ಸಂಪತ್ತುಗಳಲ್ಲಿ ಒಂದು. ಜೋಮು ಹಿಡಿದ ಕೈಯನ್ನು ನೂರು ಕಿಲೋಮೀಟರ್ ಸಹಿಸಿಕೊಂಡವನನ್ನು ತಿತಿಕ್ಷು ಎನ್ನಬಹುದೇ? ಎನ್ನಲಾಗದು ಎಂಬುದೇ ಸರಿಯಾದ ಉತ್ತರವೆಂದು ತೋರುತ್ತದೆ. ಗೀತೆಯ ಎರಡನೆಯ ಅಧ್ಯಾಯವು ಸಹಿಸಲು ಹೇಳುವುದು ಬಂದು ಹೋಗುವ, ನಿಲ್ಲದ ಸ್ಪರ್ಶಗಳನ್ನು. ಎದುರುಗಾಳಿ, ಮಳೆ, ಘಾಟಿಯ ಏರು, ಮಧ್ಯಾಹ್ನದ ಉರಿ ಇವು ಅಂಥವು. ಸವಾರನು ಅವನ್ನು ಕರೆದಿಲ್ಲ, ಕಳಿಸಲೂ ಆರ. ನರದ ಮೇಲಿನ ಒತ್ತಡ ಹಾಗಲ್ಲ. ಅದಕ್ಕೆ ಕಾರಣ ಅವನ ಕೈಯಳತೆಯಲ್ಲಿದೆ, ಒಂದು ಅಲೆನ್ ಕೀ ತಿರುಗಿಸಿದರೆ ಹೋಗುತ್ತದೆ, ತಿರುಗಿಸದಿದ್ದರೆ ಸವಾರಿ ಮುಗಿದು ವಾರಗಳಾದರೂ ಬೆರಳುಗಳಲ್ಲಿ ಉಳಿಯಬಲ್ಲದು. ನಿವಾರಿಸಬಹುದಾದುದನ್ನು ಸಹಿಸುವುದಕ್ಕೆ ಗೀತೆಯ ಹದಿನೇಳನೆಯ ಅಧ್ಯಾಯ ಬೇರೆಯೇ ಸ್ಥಾನ ಕೊಟ್ಟಿದೆ: ಮೂಢ ಹಟದಿಂದ ತನ್ನನ್ನೇ ಪೀಡಿಸಿಕೊಂಡು ಮಾಡುವ ತಪಸ್ಸು ಅಲ್ಲಿ ತಾಮಸವೆನಿಸಿದರೆ, ಸತ್ಕಾರ ಮಾನಗಳಿಗಾಗಿ ತೋರಿಕೆಯಿಂದ ಮಾಡುವುದು ರಾಜಸವೆನಿಸುತ್ತದೆ. ವ್ಯಾಸನು ಯೋಗಭಾಷ್ಯದಲ್ಲಿ ತಪಸ್ಸಿಗೆ ಹಾಕುವ ಗಡಿ ಇನ್ನೂ ಖಚಿತವಾಗಿದೆ. ಚಿತ್ತದ ಪ್ರಸನ್ನತೆಗೆ ಬಾಧೆಯಾಗದಷ್ಟು ಮಾತ್ರ ತಪಸ್ಸನ್ನು ಆಚರಿಸಬೇಕೆಂಬುದು ಅವನ ಮತ. ತಪಸ್ಸನ್ನು ಅಳೆಯುವ ಮಾನ ಅದರ ಕಷ್ಟದಲ್ಲಿಲ್ಲ, ಅದು ಉಳಿಸಿಕೊಡುವ ಚಿತ್ತದ ತಿಳಿಯಲ್ಲಿದೆ.

ಕಷ್ಟವನ್ನೇ ಹಿರಿಮೆಯೆಂದು ಎಣಿಸುವ ಮನೋಧರ್ಮ ಸೈಕಲ್ಲಿನ ಇತಿಹಾಸದಲ್ಲಿಯೂ ಒಂದು ತೀವ್ರ ವಿವಾದಕ್ಕೆ ಕಾರಣವಾಯಿತು. 1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಪತ್ರಿಕಾ ಸಂಪಾದಕ ಹೆನ್ರಿ ದೆಗ್ರಾಂಜ್, ಏರಿನಲ್ಲಿ ತುಳಿತವನ್ನು ಹಗುರಗೊಳಿಸುವ ಬದಲಾಗುವ ಗೇರ್‌ಗಳು 45 ವರ್ಷ ದಾಟಿದವರಿಗಷ್ಟೇ ತಕ್ಕವು ಎಂದು ಅದರ ಹಿಂದಿನ ವರ್ಷವೇ ಬರೆದಿದ್ದನು. ಯಂತ್ರದ ಉಪಾಯಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲುವುದು ಮೇಲು ಎಂಬುದು ಅವನ ನಿಲುವು. ಆ ಪಂದ್ಯದಲ್ಲಿ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಎದುರು ಪಕ್ಷದಲ್ಲಿ ನಿಂತವನು ಸೇಂಟ್ ಎಟಿಯೆನ್ ನಗರದ ಪಾಲ್ ದ ವಿವೀ (1853–1930). ರೇಷ್ಮೆ ವ್ಯಾಪಾರವನ್ನು ಬಿಟ್ಟು ಸೈಕಲ್ಲಿಗೆ ಬದುಕನ್ನು ಒಪ್ಪಿಸಿದ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆದ, ಲ ಸಿಕ್ಲಿಸ್ತ್ ಪತ್ರಿಕೆಯನ್ನು ನಡೆಸಿದ ಈ ಸಸ್ಯಾಹಾರಿಯು ಹಲವು ಗೇರ್‌ಗಳ ಪರವಾಗಿ ದಶಕಗಳ ಕಾಲ ವಾದಿಸಿದನು. ದೂರದ ಸವಾರರಿಗಾಗಿ ಅವನು ಬಿಟ್ಟುಹೋದ ನಿಯಮಗಳು ಹಸಿವಾಗುವ ಮೊದಲು ಉಣ್ಣಲು, ಬಾಯಾರುವ ಮೊದಲು ಕುಡಿಯಲು, ಊಟ ಸೇರದಷ್ಟು ನಿದ್ದೆ ಹತ್ತದಷ್ಟು ದಣಿಯದಿರಲು, ಮೊದಲ ಗಂಟೆಗಳಲ್ಲಿ ಬಲ ಉಕ್ಕುವಾಗ ವಿಶೇಷವಾಗಿ ತನ್ನ ಮಿತಿಯೊಳಗೆ ಇರಲು, ಮತ್ತು ಹೆಮ್ಮೆಗಾಗಿ ಎಂದೂ ತುಳಿಯದಿರಲು ಹೇಳುತ್ತವೆ.

ಇನ್ನೂ ಬಾರದ ದುಃಖವನ್ನು ನಿವಾರಿಸಬೇಕೆಂಬ ಪತಂಜಲಿಯ ಸೂತ್ರಕ್ಕೆ ಈ ನಿಯಮಗಳಿಗಿಂತ ಹತ್ತಿರದ ವ್ಯಾಖ್ಯಾನವನ್ನು ಆಧುನಿಕ ವ್ಯಾಯಾಮದ ಲೋಕದಲ್ಲಿ ಹುಡುಕುವುದು ಕಷ್ಟ. ಅವುಗಳ ಹಿಂದಿನ ದೇಹವ್ಯಾಪಾರವನ್ನು ಶರೀರಶಾಸ್ತ್ರ ಈಗ ವಿವರಿಸಬಲ್ಲದು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುವ ಸಕ್ಕರೆಯಂಶ ಸಾಮಾನ್ಯವಾಗಿ ಅರ್ಧ ಕಿಲೋದ ಆಸುಪಾಸಿನಲ್ಲಿರುತ್ತದೆ. ಕೊಬ್ಬಿನ ಸಂಗ್ರಹ ಅದರ ಹಲವು ಪಟ್ಟು. ಹದವಾದ ನಡೆಯಲ್ಲಿ ದೇಹ ಕೊಬ್ಬನ್ನು ಹೆಚ್ಚಾಗಿ ಉರಿಸುತ್ತದೆ, ಏದುಸಿರು ಬರುವ ವೇಗದಲ್ಲಿ ಸಕ್ಕರೆಯನ್ನು. ಕರುಳು ಗಂಟೆಗೆ ಹೀರಿಕೊಳ್ಳಬಲ್ಲ ಸಕ್ಕರೆ ಸುಮಾರು 60 ಗ್ರಾಂ, ಬಗೆಬಗೆಯ ಸಕ್ಕರೆಗಳನ್ನು ಬೆರೆಸಿದರೆ 90ರವರೆಗೆ. ಆದ್ದರಿಂದ ಬೆಳಗಿನ ಎರಡು ಗಂಟೆಗಳಲ್ಲಿ ಹುರುಪಿನಿಂದ ಸುಟ್ಟದ್ದನ್ನು ಸಂಜೆ ಉಂಡು ತುಂಬಿಸಲಾಗದು. ಗಾಳಿಯ ಲೆಕ್ಕವೂ ಇದನ್ನೇ ಹೇಳುತ್ತದೆ: ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಗಂಟೆಗೆ 25 ಕಿಲೋಮೀಟರ್ ಬದಲು 30ರಲ್ಲಿ ಸಾಗುವವನು ಐದರಲ್ಲಿ ಒಂದು ಪಾಲು ವೇಗಕ್ಕಾಗಿ ಗಾಳಿಗೆ ಮುಕ್ಕಾಲು ಪಾಲಿನಷ್ಟು ಹೆಚ್ಚಿನ ಶಕ್ತಿಯನ್ನು ತೆರುತ್ತಾನೆ. ಹಸಿವು ಬಾಯಾರಿಕೆಗಳು ತಡವಾಗಿ ಬರುವ ದೂತರು. ಅವು ಬಂದು ಬಾಗಿಲು ಬಡಿಯುವ ಹೊತ್ತಿಗೆ ಕೊರತೆ ಆಗಲೇ ಒಳಹೊಕ್ಕಿರುತ್ತದೆ.

ಈ ನಡೆಯ ಹದದಲ್ಲಿಯೇ ದೂರದ ಸವಾರಿಯ ನಿಜವಾದ ತಪಸ್ಸು ಅಡಗಿದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ನಸುಕಿನ ತಂಪಿನಲ್ಲಿ, ತುಂಬಿದ ಬಲದ ದೇಹ ಓಡಲು ಬಯಸುವಾಗ, ಹತ್ತಾರು ಮಂದಿ ಮುಂದೆ ಸಾಗಿ ಕಣ್ಮರೆಯಾಗುತ್ತಿರುವಾಗ, ಪಕ್ಕದವನೊಡನೆ ಪೂರ್ಣ ವಾಕ್ಯದಲ್ಲಿ ಮಾತಾಡಬಲ್ಲಷ್ಟೇ ಉಸಿರು ಖರ್ಚು ಮಾಡಿ ತುಳಿಯುವುದು ನೋವನ್ನು ಸಹಿಸುವುದಕ್ಕಿಂತ ಕಠಿಣ. ನೋವು ಸಹಿಸುವವನಿಗೆ ತಾನು ಏನನ್ನೋ ಮಾಡುತ್ತಿದ್ದೇನೆಂಬ ಸಮಾಧಾನವಾದರೂ ಇರುತ್ತದೆ. ತಡೆದುಕೊಳ್ಳುವವನಿಗೆ ಅದೂ ಇಲ್ಲ, ಅವನ ಸಂಯಮ ಯಾರಿಗೂ ಕಾಣದು, ಅದರ ಫಲವೂ ಎಷ್ಟೋ ಗಂಟೆಗಳ ಆಚೆಗಿರುತ್ತದೆ. ದೆಗ್ರಾಂಜನ ಆಶ್ರಯದಲ್ಲಿ ಬೆಳೆದ ಮೊದಲಿನ ಔಡಾಕ್ಸ್ ಪದ್ಧತಿಯಲ್ಲಿ ಗುಂಪಿಗೆ ಒಬ್ಬ ನಾಯಕನಿದ್ದು, ಎಲ್ಲರೂ ಅವನ ನಿಗದಿತ ವೇಗದಲ್ಲಿ ಒಟ್ಟಾಗಿ ಸಾಗಬೇಕಿತ್ತು. 1921ರಲ್ಲಿ ಔಡಾಕ್ಸ್ ಕ್ಲಬ್ ಪಾರಿಸಿಯೆನ್ ಅದರಿಂದ ಬೇರೆಯಾಗಿ, ಪ್ರತಿಯೊಬ್ಬನೂ ತನ್ನ ನಡೆಯನ್ನು ತಾನೇ ಆರಿಸಿಕೊಳ್ಳುವ ಮುಕ್ತ ಗತಿಯ ಬ್ರೆವೆಗಳನ್ನು ತಂದಿತು. ಮೇಲುನೋಟಕ್ಕೆ ಇದು ಕಟ್ಟು ಸಡಿಲಿಸಿದಂತೆ. ವಾಸ್ತವದಲ್ಲಿ ಹೊರಗಿದ್ದ ನಿಯಂತ್ರಣ ಒಳಕ್ಕೆ ಬಂದು, ಹೊಣೆ ಇನ್ನಷ್ಟು ಭಾರವಾಯಿತು.

ಹೀಗೆಂದ ಮಾತ್ರಕ್ಕೆ ಕಷ್ಟಕ್ಕೆ ಧಾರ್ಮಿಕ ಬೆಲೆಯೇ ಇಲ್ಲವೆಂದು ಹೇಳಿದಂತಾಗದು, ಮತ್ತು ಈ ಆಕ್ಷೇಪವನ್ನು ಹಗುರವಾಗಿ ದಾಟಬಾರದು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲದ ಮಲ್ಲಯ್ಯನೆಡೆಗೆ ನಡೆದುಹೋಗುವ ಭಕ್ತರು ಬಸ್ಸಿದೆಯೆಂದು ತಿಳಿಯದವರಲ್ಲ. ನಡಿಗೆಯ ಶ್ರಮವನ್ನೇ ಅವರು ದೇವರಿಗೆ ಒಪ್ಪಿಸುತ್ತಾರೆ. ಆದರೆ ಆ ಭಕ್ತರೂ ನಸುಕಿನಲ್ಲೆದ್ದು ನಡೆದು ಬಿಸಿಲೇರಿದಾಗ ನೆರಳಿನಲ್ಲಿ ತಂಗುತ್ತಾರೆ, ಇಳಿಹೊತ್ತಿನಲ್ಲಿ ಮತ್ತೆ ಹೊರಡುತ್ತಾರೆ. ದಾರಿಯ ಕಷ್ಟವನ್ನು ಒಪ್ಪಿಕೊಂಡವರೇ ಕಷ್ಟವನ್ನು ಬೇಕೆಂದು ಹೆಚ್ಚಿಸಿಕೊಳ್ಳುವುದಿಲ್ಲ, ಏಕೆಂದರೆ ಅವರ ಗುರಿ ಮಲ್ಲಯ್ಯನೇ ಹೊರತು ಕಷ್ಟವಲ್ಲ.

ದೇಹವನ್ನು ಗಟ್ಟಿಮಾಡುವ ಹಂಬಲಕ್ಕೆ ಕನ್ನಡದ ಶರಣ ಪರಂಪರೆ ಕೊಟ್ಟ ಉತ್ತರವೊಂದು ಪ್ರಭುಲಿಂಗಲೀಲೆ ಹಾಗೂ ಶೂನ್ಯಸಂಪಾದನೆಗಳಲ್ಲಿ ಬರುವ ಗೋರಕ್ಷನ ಪ್ರಸಂಗದಲ್ಲಿದೆ. ಸಾಧನೆಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಖಡ್ಗ ತಾಗಿದಾಗ ಅದು ಸದ್ದುಮಾಡಿ ಹಿಮ್ಮರಳುತ್ತದೆ. ಶರಣ ಅಲ್ಲಮನ ಮೈಯೊಳಗಿಂದ ಅದೇ ಖಡ್ಗ ಬಯಲನ್ನು ಬೀಸಿದಂತೆ ತಡೆಯಿಲ್ಲದೆ ಹಾದುಹೋಗುತ್ತದೆ. ಆ ಕಥೆಯ ಆಧ್ಯಾತ್ಮಿಕ ಎತ್ತರ ಸೈಕಲ್ ಸವಾರಿಗೆ ನಿಲುಕುವಂಥದಲ್ಲವಾದರೂ, ಪೆಟ್ಟಿಗೆ ಎದುರುಗೊಡುವ ದೇಹ ಮತ್ತು ಪೆಟ್ಟು ನಿಲ್ಲಲು ಎಡೆಗೊಡದ ದೇಹ ಎಂಬ ಅಲ್ಲಿನ ಭೇದ ಒರಟು ರಸ್ತೆಯಲ್ಲಿ ಪ್ರತಿ ಗಳಿಗೆಯೂ ಅನುಭವಕ್ಕೆ ಬರುತ್ತದೆ. ಮೊಣಕೈ ಸೆಟೆದು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದವನಿಗೆ ಪ್ರತಿ ಗುಂಡಿಯೂ ಭುಜಕ್ಕೆ, ಕತ್ತಿಗೆ ಏರುತ್ತದೆ. ಮೊಣಕೈ ಮಡಿಸಿ ಹಿಡಿತ ಸಡಿಲಿಸಿದವನಲ್ಲಿ ಅದು ತೋಳಿನಲ್ಲೇ ಕರಗುತ್ತದೆ. ಟೈರಿನ ವಿಷಯದಲ್ಲೂ ಹೀಗೆಯೇ: ಕಲ್ಲಿನಂತೆ ಗಾಳಿ ತುಂಬಿದ ಕಿರಿದಾದ ಟೈರ್ ವೇಗದ್ದೆಂದು ಬಹುಕಾಲ ನಂಬಲಾಗಿತ್ತು, ಆದರೆ ಒರಟು ನೆಲದಲ್ಲಿ ಅದು ಸೈಕಲ್ಲನ್ನೂ ಸವಾರನನ್ನೂ ಎತ್ತಿ ಎತ್ತಿ ಹಾಕುವುದರಲ್ಲಿ ಶಕ್ತಿಯನ್ನು ಕಳೆಯುತ್ತದೆ, 28 ಅಥವಾ 32 ಮಿಲಿಮೀಟರ್ ಅಗಲದ ಟೈರಿಗೆ ತುಸು ಕಡಿಮೆ ಗಾಳಿ ತುಂಬಿದರೆ ಅಲುಗಾಟವೂ ದಣಿವೂ ಒಟ್ಟಿಗೆ ತಗ್ಗುತ್ತವೆ. ಹೀಗೆ ಹೊಂದಿಸಿದ ಸೈಕಲ್ಲಿನ ಮೇಲೆ ಸುಖ ಎಂಬುದು ಅನುಭವಿಸುವ ಒಂದು ರುಚಿಯಾಗಿ ಉಳಿಯದೆ, ದೇಹ ತನ್ನತ್ತ ಗಮನ ಸೆಳೆಯದಿರುವ ಸ್ಥಿತಿಯಾಗುತ್ತದೆ. ಬಿಡುವಾದ ಗಮನ ದಾರಿಗೆ, ಉಸಿರಿಗೆ, ಜೊತೆಯವರಿಗೆ ದೊರೆಯುತ್ತದೆ. ಪತಂಜಲಿ ಸ್ಥಿರತೆ ಸುಖಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಇದೇ ಕಾರಣವಿರಬೇಕು.

ಎಲ್ಲವನ್ನೂ ಹೊಂದಿಸಿದ ಮೇಲೂ 400 ಕಿಲೋಮೀಟರ್ ದಾಟಿದ ಸವಾರಿಯಲ್ಲಿ ನಿವಾರಿಸಲಾಗದ ಕಷ್ಟಗಳು ಉಳಿದೇ ಇರುತ್ತವೆ, ಅವುಗಳಲ್ಲಿ ನಿದ್ದೆಗೇಡು ಮುಖ್ಯವಾದುದು. 1891ರಲ್ಲಿ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯದ ಸುಮಾರು 1,200 ಕಿಲೋಮೀಟರ್‌ಗಳನ್ನು ಶಾರ್ಲ್ ತೆರೋನ್ 71 ಗಂಟೆಗಳಷ್ಟರಲ್ಲಿ ಮುಗಿಸಿ ಗೆದ್ದನು. ಇಂದು ಅದೇ ದಾರಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸಾಗುವ ಸಾವಿರಾರು ಹವ್ಯಾಸಿಗಳಿಗೆ 90 ಗಂಟೆಗಳವರೆಗೆ ಅವಕಾಶವಿದ್ದು, ಠಾಣೆಗಳಲ್ಲಿ ಮಲಗಲು ಏರ್ಪಾಡಿದೆ. ಹೆದ್ದಾರಿಯ ಕತ್ತಲೆಯಲ್ಲಿ ತೂಕಡಿಸುತ್ತ ತುಳಿಯುವವನು ತನ್ನೊಬ್ಬನ ಜೀವವನ್ನಷ್ಟೇ ಒತ್ತೆಯಿಡುವುದಿಲ್ಲ, ಅವನನ್ನು ತಪ್ಪಿಸಹೋಗುವ ಲಾರಿ ಚಾಲಕನದನ್ನೂ ಹಿಂದೆ ಬರುವ ಜೊತೆಗಾರನದನ್ನೂ ಒತ್ತೆಯಿಡುತ್ತಾನೆ. ಯೋಗದ ಎಂಟು ಅಂಗಗಳಲ್ಲಿ ತಪಸ್ಸು ಬರುವುದು ಎರಡನೆಯದಾದ ನಿಯಮದಲ್ಲಿ. ಅಹಿಂಸೆ ಅದಕ್ಕೂ ಮೊದಲಿನ ಯಮದಲ್ಲಿ, ಅಲ್ಲಿಯೂ ಮೊದಲನೆಯದಾಗಿ ಬರುತ್ತದೆ, ಮತ್ತು ಉಳಿದ ಯಮನಿಯಮಗಳಿಗೆಲ್ಲ ಅದೇ ಬೇರೆಂದು ವ್ಯಾಸನು ವಿವರಿಸುತ್ತಾನೆ. ಆ ಕ್ರಮವನ್ನು ಒಪ್ಪಿಕೊಂಡ ಸವಾರನಿಗೆ ರಾತ್ರಿ ಎರಡರ ಹೊತ್ತಿನಲ್ಲಿ ಒಂದು ಪೆಟ್ರೋಲ್ ಬಂಕಿನ ಜಗಲಿಯ ಮೇಲೆ ಅರ್ಧ ಗಂಟೆ ಮಲಗುವುದಾಗಲಿ, ಅದೂ ಸಾಲದಾದಾಗ ಅವಧಿ ಮೀರಿದರೂ ಸರಿಯೆಂದು ಬೆಳಗಾಗುವವರೆಗೆ ಅಲ್ಲಿಯೇ ಉಳಿಯುವುದಾಗಲಿ ವ್ರತಭಂಗವಾಗುವುದಿಲ್ಲ.